ಮಧುವಿನ ಕ್ಯಾಂಟೀನು ಮತ್ತು ಅದರ ಗಿರಾಕಿಗಳು

ಢಾಕಾ ವಿಶ್ವವಿದ್ಯಾಲಯದಲ್ಲಿ ಓದಿದವರ ನೆನಪುಗಳಲ್ಲಿ ಪ್ರಾಧ್ಯಾಪಕರ ಬಗ್ಗೆ, ಹಾಸ್ಟೆಲ್ಲಿನ ಬಗ್ಗೆ, ಪರೀಕ್ಷೆಯ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಎಡಪಂಥದವರು ಹೊಗಳಿದ್ದನ್ನು ಬಲಪಂಥದವರು ತೆಗಳುತ್ತಾರೆ. ಆದರೆ ಒಂದು ಚಹಾದಂಗಡಿಯ ವಿಷಯ ಬಂದಾಗ ಮಾತ್ರ ಎಲ್ಲರ ದನಿಯೂ ಮೆತ್ತಗಾಗುತ್ತದೆ. ಅದರ ಹೆಸರು ಮಧುರ್ ಕ್ಯಾಂಟೀನ್. ನಾವು ಕನ್ನಡಿಗರು ಇದನ್ನು 'ಮಧುರ ಕ್ಯಾಂಟೀನ್' ಎಂದು ಓದಿಕೊಳ್ಳುವ ಅಪಾಯವಿದೆ. ಬಂಗಾಳಿಯಲ್ಲಿ 'ಮಧುರ್' ಎಂದರೆ 'ಮಧುವಿನ' ಎಂದರ್ಥ. ಮಧು ಒಬ್ಬ ಮನುಷ್ಯ. ಪೂರ್ತಿ ಹೆಸರು ಮಧುಸೂದನ್ ಡೇ. ವಿದ್ಯಾರ್ಥಿಗಳಿಗೆ ಅವನು ಮಧುದಾ, ಅಂದರೆ ಮಧು ಅಣ್ಣ.

ಒಬ್ಬ ಕ್ಯಾಂಟೀನಿನವನನ್ನು ಒಂದು ದೇಶದ ಸೈನ್ಯ ಹುಡುಕಿಕೊಂಡು ಬಂದು ಕೊಲ್ಲುವುದೆಂದರೆ ಏನು? ಅವನು ಪುಸ್ತಕ ಬರೆದವನಲ್ಲ, ಭಾಷಣ ಮಾಡಿದವನಲ್ಲ, ಚುನಾವಣೆಗೆ ನಿಂತವನೂ ಅಲ್ಲ. ಚಹಾ ಕೊಟ್ಟ, ಶಿಂಗಾರ ಕೊಟ್ಟ (ನಮ್ಮ ಸಮೋಸದ ಬಂಗಾಳಿ ತಮ್ಮ ಅದು), ಸಿಹಿ ಕೊಟ್ಟ, ಸಾಲ ಕೊಟ್ಟ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಆ ವಿಶ್ವವಿದ್ಯಾಲಯ ಹುಟ್ಟಿದ ಬಗೆಯನ್ನು ನೋಡಬೇಕು.

1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದ. ಢಾಕಾ ಹೊಸ ಪ್ರಾಂತ್ಯದ ರಾಜಧಾನಿಯಾಯಿತು. 1911ರಲ್ಲಿ ಆ ವಿಭಜನೆ ರದ್ದಾದಾಗ ಪೂರ್ವ ಬಂಗಾಳದ ಮುಸ್ಲಿಮರಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುವಂತಾಯಿತು. ನವಾಬ್ ಸಲೀಮುಲ್ಲಾ ಮತ್ತಿತರರು 1912ರ ಜನವರಿಯಲ್ಲಿ ಢಾಕಾಕ್ಕೆ ಬಂದ ವೈಸರಾಯ್ ಹಾರ್ಡಿಂಜ್‌ನನ್ನು ಕಂಡು ತಮ್ಮ ಅಳಲು ಹೇಳಿಕೊಂಡರು. ಸಮಾಧಾನಕ್ಕೆಂದು ಆತ ಕೊಟ್ಟ ಮಾತು ಈ ವಿಶ್ವವಿದ್ಯಾಲಯ. ಮಾತು ಕೊಟ್ಟ ಕೂಡಲೇ ಕಲ್ಕತ್ತೆಯಲ್ಲಿ ಗದ್ದಲ ಎದ್ದಿತು. ರಾಸ್‌ಬಿಹಾರಿ ಘೋಷ್ ಅವರ ನೇತೃತ್ವದ ನಿಯೋಗ ಫೆಬ್ರವರಿಯಲ್ಲಿ ವೈಸರಾಯ್‌ನ ಬಳಿ ಹೋಗಿ, ಇದು ಬಂಗಾಳವನ್ನು ಒಳಗಿನಿಂದ ಮತ್ತೊಮ್ಮೆ ಒಡೆದಂತೆ ಎಂದು ವಾದಿಸಿತು. ಪೂರ್ವ ಬಂಗಾಳದ ಮುಸ್ಲಿಮರು ಹೆಚ್ಚಾಗಿ ರೈತರು, ಅವರಿಗೆ ವಿಶ್ವವಿದ್ಯಾಲಯದಿಂದ ಏನು ಪ್ರಯೋಜನ ಎಂಬ ಮಾತೂ ಬಂತು. ನೇಗಿಲು ಹಿಡಿದವನ ಮಗ ನೇಗಿಲನ್ನೇ ಹಿಡಿಯಲಿ ಎಂಬ ಈ ತರ್ಕ ನಮ್ಮಲ್ಲಿಯೂ ಅಪರಿಚಿತವಲ್ಲ. ವ್ಯಂಗ್ಯಪ್ರಿಯರು ಅದಕ್ಕೆ 'ಮಕ್ಕಾ ವಿಶ್ವವಿದ್ಯಾಲಯ' ಎಂದು ಅಡ್ಡಹೆಸರಿಟ್ಟರು.

ನಡುವೆ ಮಹಾಯುದ್ಧ ಬಂತು, ನವಾಬರು 1915ರಲ್ಲಿ ತೀರಿಕೊಂಡರು. ಕೊನೆಗೆ 1921ರ ಜುಲೈ 1ರಂದು ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಮೂರು ನಿಕಾಯ, 12 ವಿಭಾಗ, ವಿದ್ಯಾರ್ಥಿಗಳಿಗೆ ಮೂರು ಹಾಲ್‌ಗಳು. ಮೊದಲ ಕುಲಪತಿ ಫಿಲಿಪ್ ಹಾರ್ಟಾಗ್ ಎಂಬ ಯಹೂದಿ. 'ಮಕ್ಕಾ'ದಲ್ಲಿ ಮೊದಮೊದಲು ಕಲಿತವರಲ್ಲಿ ಹಿಂದೂ ಹುಡುಗರೇ ಹೆಚ್ಚು. ಬಂಗಾಳಿ ಮತ್ತು ಸಂಸ್ಕೃತಕ್ಕೆ ಹರಪ್ರಸಾದ್ ಶಾಸ್ತ್ರಿ, ಭಾಷಾಶಾಸ್ತ್ರಕ್ಕೆ ಮುಹಮ್ಮದ್ ಶಹೀದುಲ್ಲಾ, ಇತಿಹಾಸಕ್ಕೆ ರಮೇಶ್‌ಚಂದ್ರ ಮಜುಂದಾರ್, ಭೌತಶಾಸ್ತ್ರಕ್ಕೆ ಸತ್ಯೇಂದ್ರನಾಥ್ ಬೋಸ್. ಬೋಸ್ ಅವರು 1924ರಲ್ಲಿ ಐನ್‌ಸ್ಟೀನ್‌ಗೆ ಅಂಚೆಯಲ್ಲಿ ಕಳಿಸಿದ ಪ್ರಬಂಧ ಬರೆದದ್ದು ಇಲ್ಲಿ ಪಾಠ ಮಾಡುತ್ತಿದ್ದಾಗ. ಫಾರ್ಸಿ ಮತ್ತು ಉರ್ದು ವಿಭಾಗವೂ ಮೊದಲ 12ರಲ್ಲಿ ಒಂದು. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಕ್ಯಾಂಟೀನಿನ ಕತೆ. ಮಧುವಿನ ಅಜ್ಜ ಬಿಕ್ರಮಪುರದ ಶ್ರೀನಗರದಿಂದ ವ್ಯಾಪಾರಕ್ಕೆಂದು ಢಾಕಾಕ್ಕೆ ಬಂದವರು. ವಿಶ್ವವಿದ್ಯಾಲಯ ಶುರುವಾದ ಮೇಲೆ ಅಪ್ಪ ಆದಿತ್ಯಚಂದ್ರ ಆವರಣದೊಳಗೆ ತಿಂಡಿ ಚಹಾದ ಅಂಗಡಿ ಇಟ್ಟರು. 1919ರಲ್ಲಿ ಹುಟ್ಟಿದ ಮಧು ಹದಿನೈದರ ಆಸುಪಾಸಿನಲ್ಲೇ ಅಪ್ಪನ ಜೊತೆ ಅಂಗಡಿಗೆ ಬರತೊಡಗಿದ. 1939ರ ಹೊತ್ತಿಗೆ ಅಪ್ಪ ಹೋದ ಮೇಲೆ ಗಲ್ಲಾ ಅವನ ಕೈಗೆ ಬಂತು. ಆಗ ಅಂಗಡಿ ಇದ್ದದ್ದು ಹಳೆಯ ಕಲಾ ಕಟ್ಟಡದ ಅಂಗಳದಲ್ಲಿ. ಇಂದು ಢಾಕಾ ಮೆಡಿಕಲ್ ಕಾಲೇಜು ಆಸ್ಪತ್ರೆ ಇರುವುದು ಆ ಜಾಗದಲ್ಲಿ.

1947ರಲ್ಲಿ ದೇಶ ಒಡೆಯಿತು. ಹಿಂದೂ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಕಲ್ಕತ್ತೆಯ ರೈಲು ಹತ್ತಿದರು. ಬೋಸ್ ಅದಕ್ಕೂ ಮೊದಲೇ ಹೋಗಿದ್ದರು. 1950ರಲ್ಲಿ ಢಾಕಾದಲ್ಲಿ ದೊಡ್ಡ ಗಲಭೆಯಾಯಿತು, 1964ರಲ್ಲಿ ಮತ್ತೊಂದು. ಮಧು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಅವನು ಎಲ್ಲಿಯೂ ಬರೆದಿಟ್ಟಿಲ್ಲ. ವ್ಯಾಪಾರಿಯ ಲೆಕ್ಕಾಚಾರದಲ್ಲಿ ಹೇಳುವುದಾದರೆ ಅವನಿಗೆ ಬರಬೇಕಾದ ಬಾಕಿಯೆಲ್ಲ ಇದ್ದದ್ದು ಮುಸ್ಲಿಂ ಹುಡುಗರ ಕೈಯಲ್ಲಿ. ಬಾಕಿ ಬಿಟ್ಟು ಹೋಗುವ ವ್ಯಾಪಾರಿಯಿಲ್ಲ ಎಂದು ನಗಬಹುದು. ಆದರೆ ಅವನು ಆ ಬಾಕಿಯನ್ನು ವಸೂಲಿ ಮಾಡಿದ ಬಗೆ ನೋಡಿದರೆ ಕಾರಣ ಅದಲ್ಲ ಎನಿಸುತ್ತದೆ.

ಮಧುವಿನ ಬಳಿ ಒಂದು ಸಾಲದ ಪುಸ್ತಕವಿತ್ತು. ಅದಕ್ಕೆ ಅವನಿಟ್ಟ ಹೆಸರು 'ನಾ ದಿಯೇ ಉಧಾವ್', ಅಂದರೆ 'ಕೊಡದೆ ಮಾಯ'. ತಿಂದು, ಕುಡಿದು, ಪದವಿ ಪಡೆದು, ದುಡ್ಡು ಕೊಡದೆ ಹೋದವರ ಹೆಸರುಗಳೆಲ್ಲ ಅದರಲ್ಲಿ. ಮುಂದೆ ಮಂತ್ರಿಗಳಾದವರು, ಕವಿಗಳಾದವರು, ದೊಡ್ಡ ಅಧಿಕಾರಿಗಳಾದವರು ಅದರಲ್ಲಿದ್ದರು ಎನ್ನುತ್ತಾರೆ. ಕವಿ ಶಂಸುರ್ ರಹಮಾನ್, ಸಿನಿಮಾ ನಿರ್ದೇಶಕ ಜಹೀರ್ ರೈಹಾನ್ ಅವರ ಹೆಸರುಗಳೂ ಈ ಕತೆಯ ಜೊತೆ ಸೇರಿಕೊಂಡಿವೆ. ಹಳ್ಳಿಯಿಂದ ಬಂದ ಹುಡುಗನಿಗೆ ಮನಿಯಾರ್ಡರ್ ತಡವಾದರೆ ಮಧು ಪುಸ್ತಕದಲ್ಲಿ ಬರೆದುಕೊಂಡು ಚಹಾ ಮುಂದಿಡುತ್ತಿದ್ದ. ಹುಡುಗನ ಜಾತಿ ಧರ್ಮ ಪಕ್ಷ ಅವನಿಗೆ ಬೇಕಿರಲಿಲ್ಲ, ಹೆಸರು ಬೇಕಿತ್ತು, ಅದೂ ಬರೆದುಕೊಳ್ಳಲಿಕ್ಕೆ. ವಿಶ್ವವಿದ್ಯಾಲಯದ ದಫ್ತರಿನಲ್ಲಿ ಫೀಸು ಕಟ್ಟದವನ ಹೆಸರು ಹೊಡೆದುಹಾಕುತ್ತಿದ್ದರು, ಮಧುವಿನ ಪುಸ್ತಕದಲ್ಲಿ ದುಡ್ಡು ಕೊಡದವನ ಹೆಸರು ಉಳಿಯುತ್ತಿತ್ತು.

ಗಿರಾಕಿಗಳ ಜಗಳಗಳಿಗೂ ಅವನ ಅಂಗಡಿಯೇ ಅಂಗಳ. ಮುಸ್ಲಿಂ ಲೀಗಿನ ಹುಡುಗರು ಒಂದು ಮೇಜಿನಲ್ಲಿ, ಕಮ್ಯುನಿಸ್ಟರು ಇನ್ನೊಂದರಲ್ಲಿ, ಪೊಲೀಸರ ಮಾಹಿತಿದಾರರು ಮೂಲೆಯಲ್ಲಿ. ಗುಪ್ತಚರರು ಬಂದು ಇಂಥ ನಾಯಕ ಎಲ್ಲಿ ಎಂದು ಕೇಳಿದರೆ ಮಧು ಏನೂ ತಿಳಿಯದವನಂತೆ ಲೋಟ ತೊಳೆಯುತ್ತಿದ್ದ, ಆ ನಾಯಕನಿಗೆ ಮಾತ್ರ ಸುದ್ದಿ ಮುಟ್ಟಿರುತ್ತಿತ್ತು ಎಂದು ಹಳೆಯ ವಿದ್ಯಾರ್ಥಿಗಳು ನೆನೆಯುತ್ತಾರೆ.

ಈ ಮೇಜುಗಳಲ್ಲಿ ಕುದಿದ ಮೊದಲ ದೊಡ್ಡ ಪ್ರಶ್ನೆ ಭಾಷೆಯದು. 1948ರ ಮಾರ್ಚ್ 21ರಂದು ರೇಸ್‌ಕೋರ್ಸ್ ಮೈದಾನದಲ್ಲಿ ಜಿನ್ನಾ, ಪಾಕಿಸ್ತಾನದ ರಾಷ್ಟ್ರಭಾಷೆ ಉರ್ದು, ಉರ್ದು ಮಾತ್ರ ಎಂದರು. ಮೂರು ದಿನಗಳ ನಂತರ ಕರ್ಜನ್ ಹಾಲ್‌ನಲ್ಲಿ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿಯೂ ಅದನ್ನೇ ಹೇಳಿದಾಗ ವಿದ್ಯಾರ್ಥಿಗಳ ನಡುವಿನಿಂದ 'ನೋ, ನೋ' ಎಂಬ ಕೂಗು ಎದ್ದಿತು. ಜಿನ್ನಾರ ಮನೆಮಾತು ಗುಜರಾತಿ. ಉರ್ದುವಿನ ಪರವಾಗಿ ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಕೇಳಿಸಿಕೊಂಡವರ ಭಾಷೆ ಬಂಗಾಳಿ, ಅದು ಅಂದಿನ ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನರ ಮಾತು. ಮುಸ್ಲಿಮರೆಲ್ಲರ ಭಾಷೆ ಒಂದೇ ಎಂದು ಹೇಳಿದವರು ಮುಸ್ಲಿಮರ ಮನೆಗಳಿಗೆ ಹೋಗಿ ಕಿವಿಗೊಟ್ಟವರಲ್ಲ. ನಮ್ಮ ಕರಾವಳಿಯಲ್ಲಿಯೇ ಬ್ಯಾರಿ ಒಂದು, ನವಾಯತಿ ಇನ್ನೊಂದು, ಘಟ್ಟ ಹತ್ತಿದರೆ ದಖನಿ.

1952ರ ಫೆಬ್ರವರಿ 20ರಂದು ಸರ್ಕಾರ 144ನೇ ಸೆಕ್ಷನ್ ಜಾರಿ ಮಾಡಿತು. ಮರುದಿನ ಬೆಳಗ್ಗೆ ಕಲಾ ಕಟ್ಟಡದ ಅಂಗಳದ ಮಾವಿನ ಮರದ ಕೆಳಗೆ ಗಾಜಿಉಲ್ ಹಕ್ ಅವರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ನಿಷೇಧ ಮುರಿಯಬೇಕೋ ಬೇಡವೋ ಎಂಬುದು ಚರ್ಚೆ. ಹಿರಿಯ ರಾಜಕಾರಣಿಗಳು ಬೇಡ ಎಂದಿದ್ದರು, ವಿದ್ಯಾರ್ಥಿಗಳು ಮುರಿಯುವುದೇ ಸರಿ ಎಂದು ತೀರ್ಮಾನಿಸಿದರು. ಮಾವಿನ ಮರಕ್ಕೂ ಮಧುವಿನ ಅಂಗಡಿಗೂ ಕೂಗಳತೆಯ ದೂರ. ಮಧ್ಯಾಹ್ನ ಗುಂಡು ಹಾರಿತು. ಎಂ.ಎ. ವಿದ್ಯಾರ್ಥಿ ಅಬುಲ್ ಬರ್ಕತ್, ರಫೀಕುದ್ದೀನ್, ಅಬ್ದುಲ್ ಜಬ್ಬಾರ್ ಸತ್ತರು. ಮರುದಿನ ಶಫೀಉರ್ ರಹಮಾನ್. ಗುಂಡೇಟು ತಿಂದ ಅಬ್ದುಸ್ಸಲಾಮ್ ಏಪ್ರಿಲ್‌ನಲ್ಲಿ ತೀರಿಕೊಂಡರು. ಬಂಗಾಳಿ ಭಾಷೆಗಾಗಿ ಸತ್ತ ಈ ಹೆಸರುಗಳೆಲ್ಲ ಅರಬಿಯಲ್ಲಿವೆ. 1956ರ ಸಂವಿಧಾನ ಬಂಗಾಳಿಯನ್ನೂ ರಾಷ್ಟ್ರಭಾಷೆಯೆಂದು ಒಪ್ಪಿತು. 1999ರ ನವೆಂಬರ್‌ನಲ್ಲಿ ಯುನೆಸ್ಕೋ ಆ ದಿನವನ್ನು ಅಂತರರಾಷ್ಟ್ರೀಯ ತಾಯ್ನುಡಿ ದಿನವೆಂದು ಸಾರಿತು.

ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ ಆಮೇಲೆ ಕನ್ನಡಕ್ಕೆ ಬಂದ ನನ್ನಂಥವರು ಈ ಇತಿಹಾಸವನ್ನು ಓದುವಾಗ ಒಂದು ಕಸಿವಿಸಿ ಇರುತ್ತದೆ. ಢಾಕಾದಲ್ಲಿ ಉರ್ದು ಸರ್ಕಾರದ ಲಾಠಿಯಾಗಿತ್ತು. ಬೆಂಗಳೂರಿನಲ್ಲಿ 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ಕಾರಣಕ್ಕೆ ಬೀದಿಯಲ್ಲಿ ರಕ್ತ ಹರಿಯಿತು, ಬಡವರ ಮನೆಗಳು ಸುಟ್ಟವು. ಅಲ್ಲಿ ಹೇರಿದ ಭಾಷೆ, ಇಲ್ಲಿ ಹೆದರಿದ ಭಾಷೆ. ಎರಡೂ ಒಂದೇ ಉರ್ದು. ಭಾಷೆಯ ತಪ್ಪೇನಿದೆ ಇದರಲ್ಲಿ?

1949ರಲ್ಲಿ ವಿಶ್ವವಿದ್ಯಾಲಯದ ನಾಲ್ಕನೇ ದರ್ಜೆ ನೌಕರರು ಮುಷ್ಕರ ಹೂಡಿದರು. ಬೆಂಬಲಿಸಿದ ವಿದ್ಯಾರ್ಥಿಗಳಲ್ಲಿ ಕಾನೂನು ಓದುತ್ತಿದ್ದ ಶೇಖ್ ಮುಜೀಬುರ್ ರಹಮಾನ್ ಒಬ್ಬರು. 15 ರೂಪಾಯಿ ದಂಡ ಕಟ್ಟು, ಮುಚ್ಚಳಿಕೆ ಬರೆದುಕೊಡು ಎಂದರು. ಅವರು ಕಟ್ಟಲಿಲ್ಲ, ವಿಶ್ವವಿದ್ಯಾಲಯ ಹೊರಹಾಕಿತು. ಆ ಆದೇಶವನ್ನು ವಾಪಸು ಪಡೆದದ್ದು 2010ರಲ್ಲಿ, ಮುಜೀಬ್ ಕೊಲೆಯಾಗಿ 35 ವರ್ಷಗಳ ಮೇಲೆ, ಅವರ ಮಗಳು ಪ್ರಧಾನಿಯಾಗಿದ್ದಾಗ. ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳ ಬಗ್ಗೆ ಅಭಿಪ್ರಾಯ ಬದಲಾಯಿಸುವುದು ಹೀಗೆ, ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಮಧುವಿನ ಅಂಗಡಿಗೆ ಬಂದು ಹೋಗುತ್ತಿದ್ದವರಲ್ಲಿ ಮುಜೀಬರೂ ಒಬ್ಬರು.

1960ರ ದಶಕದಲ್ಲಿ ಕಲಾ ವಿಭಾಗ ನೀಲಖೇತ್ ಕಡೆಯ ಹೊಸ ಕಟ್ಟಡಕ್ಕೆ ಬಂತು, ಕ್ಯಾಂಟೀನೂ ಹಿಂದೆಯೇ ಬಂತು. ಅದಕ್ಕೆ ಸಿಕ್ಕಿದ ಜಾಗ ವಿಚಿತ್ರವಾದದ್ದು. ಅದು ಶಾಹಬಾಗ್ ತೋಟದಲ್ಲಿ ಢಾಕಾ ನವಾಬರು ಕುಣಿತಕ್ಕೆ, ಸ್ಕೇಟಿಂಗಿಗೆ ಕಟ್ಟಿಸಿಕೊಂಡಿದ್ದ ಜಲ್ಸಾಘರ್. 1906ರ ಡಿಸೆಂಬರ್ 30ರಂದು ಅಖಿಲ ಭಾರತ ಮುಸ್ಲಿಂ ಲೀಗ್ ಹುಟ್ಟಿದ್ದು ನವಾಬರ ಇದೇ ತೋಟದಲ್ಲಿ. ಅಂದರೆ ಪಾಕಿಸ್ತಾನಕ್ಕೆ ಬೀಜ ಬಿತ್ತಿದ ತೋಟದಲ್ಲಿ ಒಬ್ಬ ಹಿಂದೂ ಚಹಾ ಕಾಸತೊಡಗಿದ, ಅದನ್ನು ಕುಡಿದು ಮುಸ್ಲಿಂ ಹುಡುಗರು ಪಾಕಿಸ್ತಾನದ ಸರ್ವಾಧಿಕಾರಿಯ ವಿರುದ್ಧ ಘೋಷಣೆ ಬರೆಯತೊಡಗಿದರು. 1962ರ ಶಿಕ್ಷಣ ಚಳವಳಿ, 1969ರ ಹನ್ನೊಂದು ಅಂಶಗಳ ಚಳವಳಿ, ಎಲ್ಲಕ್ಕೂ ಇಲ್ಲಿ ಮೇಜು ಸಿಕ್ಕಿತು. ಅಯೂಬ್ ಖಾನ್ ಕೆಳಗಿಳಿದ. 1971ರ ಮಾರ್ಚ್ 2ರಂದು ಕಲಾ ಕಟ್ಟಡದೆದುರಿನ ಆಲದ ಮರದ ಬಳಿ ವಿದ್ಯಾರ್ಥಿಗಳು ಹೊಸ ಬಾವುಟ ಹಾರಿಸಿದರು.

ಮಾರ್ಚ್ 25ರ ರಾತ್ರಿ ಸೈನ್ಯ ಆವರಣಕ್ಕೆ ನುಗ್ಗಿತು. ಇಕ್ಬಾಲ್ ಹಾಲ್, ಹಿಂದೂ ವಿದ್ಯಾರ್ಥಿಗಳಿದ್ದ ಜಗನ್ನಾಥ ಹಾಲ್ ಮೊದಲ ಗುರಿ. ತತ್ವಶಾಸ್ತ್ರದ ಗೋವಿಂದಚಂದ್ರ ದೇವ್ ಸತ್ತರು. ಇಂಗ್ಲಿಷಿನ ಜ್ಯೋತಿರ್ಮಯ ಗುಹಠಾಕುರ್ತಾ ಗುಂಡೇಟಿನಿಂದ ನಾಲ್ಕಾರು ದಿನ ನರಳಿ ಸತ್ತರು. ಜಗನ್ನಾಥ ಹಾಲ್‌ನ ಮೈದಾನದಲ್ಲಿ ಸಾಲು ನಿಲ್ಲಿಸಿ ಕೊಂದದ್ದನ್ನು ಎದುರಿನ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನೂರುಲ್ ಉಲಾ ತಮ್ಮ ಮನೆಯ ಕಿಟಕಿಯಿಂದ ಚಿತ್ರೀಕರಿಸಿದರು. ಆದ್ದರಿಂದ ಅದು ನಡೆಯಲೇ ಇಲ್ಲ ಎನ್ನುವವರ ಬಾಯಿಗೆ ಒಂದು ಬೀಗ ಉಳಿದಿದೆ.

26ರ ಬೆಳಗ್ಗೆ ಸೈನಿಕರು ಅಲ್ಲೇ ಹತ್ತಿರವಿದ್ದ ಮಧುವಿನ ಮನೆಗೆ ಬಂದರು. ಹೆಂಡತಿ ಜೋಗಮಾಯಾ, ಹೊಸದಾಗಿ ಮದುವೆಯಾಗಿದ್ದ ಮಗ ರಣಜಿತ್, ಸೊಸೆ ರೀನಾರಾಣಿ ಗುಂಡಿಗೆ ಬಲಿಯಾದರು. ಮಧುವನ್ನು ಜಗನ್ನಾಥ ಹಾಲ್‌ನ ಮೈದಾನಕ್ಕೆ ಒಯ್ದು ಉಳಿದವರ ಜೊತೆ ಕೊಂದರು. ಹೂತದ್ದು ಸಾಮೂಹಿಕ ಗುಂಡಿಯಲ್ಲಿ. ಇಸ್ಲಾಮಿನ ರಕ್ಷಣೆ ಎಂಬ ಹೆಸರಿನಲ್ಲಿ ನಡೆದ ಕೊಲೆಗಳಿವು. ಡಿಸೆಂಬರ್ 14ರಂದು ಅಲ್ ಬದ್ರ್ ಎಂಬ ಪವಿತ್ರ ಹೆಸರು ಹೊತ್ತ ಗುಂಪು ಮನೆಮನೆಗೆ ಹೋಗಿ ಎಳೆದೊಯ್ದು ಕೊಂದ ಪ್ರಾಧ್ಯಾಪಕರಲ್ಲಿ ಮುನೀರ್ ಚೌಧುರಿಯಂಥ ನಾಟಕಕಾರರಿದ್ದರು. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನು ಮೋಮಿನನಲ್ಲ ಎಂದು ಮಸೀದಿಯಲ್ಲಿ ಕೇಳುತ್ತ ಬೆಳೆದವರು ನಾವು. ಮೂವತ್ತು ವರ್ಷ ಮುಸ್ಲಿಂ ಮಕ್ಕಳ ಹಸಿವಿಗೆ ಲೆಕ್ಕ ಬರೆದುಕೊಂಡು ಉಣ್ಣಿಸಿದವನನ್ನು ಕೊಂದವರ ಪರವಾಗಿ ವಾದಿಸುವ ಬರಹಗಳು ಇಂದಿಗೂ ಉರ್ದುವಿನಲ್ಲಿ ಓದಲು ಸಿಗುತ್ತವೆ. ನಾವು ಆ ವಿಷಯದಲ್ಲಿ ಬಹಳ ಕಾಲ ಬಾಯಿ ಮುಚ್ಚಿಕೊಂಡೆವು.

ಢಾಕಾದಲ್ಲಿ ಹೇಳುವ ಇನ್ನೊಂದು ಸಂಗತಿಯಿದೆ. ಅದೇ ದಿನಗಳಲ್ಲಿ ಸೈನ್ಯ ಕ್ಯಾಂಟೀನಿನ ಕಟ್ಟಡವನ್ನೂ ಒಡೆಯಲು ತೊಡಗಿತ್ತಂತೆ. ಸುದ್ದಿ ಕೇಳಿ ಓಡಿಬಂದವರು ಉರ್ದು ಪಾಠ ಹೇಳುತ್ತಿದ್ದ ಒಬ್ಬ ಪ್ರಾಧ್ಯಾಪಕರು. ಸೈನಿಕರಿಗೆ ಅವರು ಹೇಳಿದ್ದು ಇಷ್ಟೇ: ಮುಸ್ಲಿಂ ಲೀಗ್ ಹುಟ್ಟಿದ್ದು ಇಲ್ಲಿ, ನೀವು ಒಡೆಯುತ್ತಿರುವುದು ನಿಮ್ಮದೇ ತೊಟ್ಟಿಲು. ಸೈನಿಕರು ಕೈ ತಡೆದರು. ಲೀಗ್ ಹುಟ್ಟಿದ್ದು ಸರಿಯಾಗಿ ಈ ಗೋಡೆಗಳ ನಡುವೆಯೋ ತೋಟದ ಇನ್ನೊಂದು ಮಹಲಿನಲ್ಲಿಯೋ ಎಂದು ಕೇಳುವಷ್ಟು ಇತಿಹಾಸ ಆ ಸೈನಿಕರಿಗೆ ಗೊತ್ತಿರಲಿಲ್ಲ, ಪುಣ್ಯ. ಕತೆಗಾರನಾಗಿ ನನಗೆ ಈ ಉರ್ದು ಮೇಷ್ಟ್ರ ಬಗ್ಗೆ ಮೋಹ. ಉರ್ದುವನ್ನು ಲಾಠಿ ಮಾಡಿಕೊಂಡವರ ಮುಂದೆ ಅದೇ ಭಾಷೆಯಲ್ಲಿ ಮಾತಾಡಿ ಒಂದು ಚಹಾದಂಗಡಿಯನ್ನು ಉಳಿಸಿದ ಮನುಷ್ಯ. ಆಲದ ಮರಕ್ಕೆ ಇಂಥ ವಕೀಲರು ಸಿಗಲಿಲ್ಲ, ಅದನ್ನು ಬೇರುಸಹಿತ ಕಿತ್ತರು. ಈಗಿರುವುದು 1972ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ನೆಟ್ಟ ಮರ.

ಗೆದ್ದವರ ಕಡೆಯಲ್ಲಿಯೂ ಎಲ್ಲ ಸ್ವಚ್ಛವಿರಲಿಲ್ಲ. 1947ರಲ್ಲಿ ಬಿಹಾರದಿಂದ ಓಡಿ ಬಂದಿದ್ದ ಉರ್ದು ಮಾತಿನ ಬಡ ಮುಸ್ಲಿಮರನ್ನು, ಸೈನ್ಯದ ಜೊತೆ ಸೇರಿದವರನ್ನೂ ಸೇರದವರನ್ನೂ, ಒಂದೇ ತಕ್ಕಡಿಯಲ್ಲಿಟ್ಟು ಕೊಂದರು. ಉಳಿದವರು ಢಾಕಾದ ಜಿನೀವಾ ಕ್ಯಾಂಪ್‌ನಂಥ ಕೊಂಪೆಗಳಲ್ಲಿ ದೇಶವಿಲ್ಲದವರಾಗಿ ಬಾಳಿದರು. ಅವರ ಮಕ್ಕಳು ಬಾಂಗ್ಲಾದೇಶದ ಪ್ರಜೆಗಳು ಎಂದು ಅಲ್ಲಿನ ಹೈಕೋರ್ಟು ಹೇಳಿದ್ದು 2008ರಲ್ಲಿ. ಆದರೂ ಒಂದು ಮಾತು ಒಪ್ಪಬೇಕು. ಉರ್ದುವಿನ ಕಾರಣಕ್ಕೆ ಇಷ್ಟು ರಕ್ತ ಕಂಡ ಆ ವಿಶ್ವವಿದ್ಯಾಲಯ ತನ್ನ ಉರ್ದು ವಿಭಾಗವನ್ನು ಮುಚ್ಚಲಿಲ್ಲ. ಇಂದಿಗೂ ಅಲ್ಲಿ ಉರ್ದು ಕಲಿಸುತ್ತಾರೆ.

ಸ್ವಾತಂತ್ರ್ಯದ ನಂತರ ಮಧುವಿನ ಉಳಿದ ಮಕ್ಕಳಲ್ಲಿ ಒಬ್ಬ ಹುಡುಗ ಅಂಗಡಿಯ ಬಾಗಿಲು ತೆರೆದ. ಎದುರಿಗೆ ಮಧುವಿನ ಎದೆಮಟ್ಟದ ಪ್ರತಿಮೆ ಬಂತು. ಕೆಳಗೆ 'ನಮ್ಮ ಪ್ರೀತಿಯ ಮಧುದಾ' ಎಂದು ಬಂಗಾಳಿಯಲ್ಲಿ ಕೆತ್ತಿದ್ದಾರೆ. ಅದು ಅಂದಿನ ಗಿರಾಕಿಗಳ ಅಭಿಪ್ರಾಯ. ಮುಂದಿನ ತಲೆಮಾರಿನ ವಿದ್ಯಾರ್ಥಿಗಳ ಅಭಿಪ್ರಾಯ ಇಷ್ಟು ಸರಳವಾಗಿರಲಿಲ್ಲ. ಅಧಿಕಾರದಲ್ಲಿದ್ದ ಪಕ್ಷದ ವಿದ್ಯಾರ್ಥಿ ಘಟಕ ಯಾವುದೋ ಮಧುವಿನ ಮೇಜುಗಳೂ ಅದರವೇ ಎಂಬ ಸ್ಥಿತಿ ಬಂತು. ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗರಿಗೆ ಹಾಲ್‌ನಲ್ಲಿ ಮಲಗಲು ಚಾಪೆಯಷ್ಟು ಜಾಗ ಬೇಕಾದರೆ ನಾಯಕರ ಹಿಂದೆ ಕ್ಯಾಂಟೀನಿಗೆ ಬಂದು ಜೈಕಾರ ಹಾಕಬೇಕಿತ್ತು. ಸರ್ವಾಧಿಕಾರಿಗಳ ವಿರುದ್ಧ ಮಾತಾಡಲು ಸೇರುತ್ತಿದ್ದ ಕಡೆ ಈಗ ಹಾಜರಿ ಕೊಡಲು ಸೇರುವಂತಾಯಿತು. ವಿದ್ಯಾರ್ಥಿ ಸಂಘಕ್ಕೆ 1990ರ ನಂತರ ಚುನಾವಣೆ ನಡೆದದ್ದೇ 2019ರಲ್ಲಿ. ಅದೇ ವರ್ಷ ಅಂದಿನ ಕುಲಪತಿಗಳು, ನಮ್ಮಲ್ಲಿ ಹತ್ತು ಟಾಕಾಕ್ಕೆ ಚಹಾ, ಶಿಂಗಾರ, ಸಮೋಸ ಎಲ್ಲ ಸಿಗುತ್ತದೆ, ಜಗತ್ತಿನಲ್ಲಿ ಇನ್ನೆಲ್ಲಿ ಸಿಗುತ್ತದೆ ಎಂದು ಹೆಮ್ಮೆಪಟ್ಟರು. ಅವರು ಹೇಳಿದ್ದು ಆವರಣದ ಇನ್ನೊಂದು ಕ್ಯಾಂಟೀನಿನ ವಿಷಯ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ನಕ್ಕರು. ಅಗ್ಗದ ಶಿಂಗಾರವೇ ವಿಶ್ವವಿದ್ಯಾಲಯದ ಕೀರ್ತಿಯಾಯಿತೇ ಎಂಬುದು ಆ ನಗುವಿನ ಒಳಗಿದ್ದ ಮಾತು.

2024ರ ಜುಲೈಯಲ್ಲಿ ಆ ನಗು ಸಿಟ್ಟಾಯಿತು. ಮೀಸಲಾತಿಯ ಪ್ರಶ್ನೆಯಿಂದ ಶುರುವಾದ ಚಳವಳಿಗೆ ಆಳುವ ಪಕ್ಷದ ವಿದ್ಯಾರ್ಥಿಗಳು ಬಡಿಗೆ ಹಿಡಿದು ಉತ್ತರ ಕೊಟ್ಟರು, ಪೊಲೀಸರು ಗುಂಡಿನಿಂದ. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟರು. 1949ರಲ್ಲಿ ಹೊರಹಾಕಿಸಿಕೊಂಡ ವಿದ್ಯಾರ್ಥಿಯ ಮಗಳನ್ನು ಅದೇ ಆವರಣದ ವಿದ್ಯಾರ್ಥಿಗಳು ಇಳಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ನಡೆದ ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಬಹುತೇಕ ಸ್ಥಾನಗಳು ಇಸ್ಲಾಮಿ ಛಾತ್ರ ಶಿಬಿರದ ಬೆಂಬಲವಿದ್ದ ತಂಡಕ್ಕೆ ಹೋದವು. 1971ರಲ್ಲಿ ಸೈನ್ಯದ ಜೊತೆ ನಿಂತಿದ್ದ ಪಕ್ಷದ ನೆರಳಿನ ಸಂಘಟನೆ ಅದು. ಬಹಳ ವರ್ಷ ಆವರಣದಲ್ಲಿ ಬಹಿರಂಗವಾಗಿ ಕೆಲಸ ಮಾಡಲು ಅದಕ್ಕೆ ಸಾಧ್ಯವಿರಲಿಲ್ಲ. ಈಗ ಬಂದಿದ್ದಾರೆ, ಅದೂ ವಿದ್ಯಾರ್ಥಿಗಳ ಮತ ಪಡೆದು. ಓಟು ಹಾಕಿದವರಲ್ಲಿ ಯಾರೂ 1971 ಕಂಡವರಲ್ಲ. ಅವರು ಕಂಡದ್ದು ಹಾಲ್‌ಗಳಲ್ಲಿ ತಿಂದ ಹೊಡೆತ ಮಾತ್ರ. ಕ್ಯಾಂಟೀನಿಗೆ ಹೋಗಬೇಕಾದರೆ ಅವರೂ ಆ ಪ್ರತಿಮೆಯ ಮುಂದೆಯೇ ಹಾದುಹೋಗಬೇಕು.